1ರಿಂದ 7ನೇ ಕ್ಲಾಸಿನ ಶಾಲಾ ಲೈಬ್ರರಿಗೆ ಯಾವ ಪುಸ್ತಕ ತರಲಿ? 15 ಸಾವಿರ ಇದೆ

ಗಡಿನಾಡ ಟೀಚರ್:

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ಗಡಿ ಊರೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ನಾನು. ನೂರಾ ಹತ್ತು ಮಕ್ಕಳು, ನಾವು ನಾಲ್ಕು ಜನ. ನಮ್ಮ ಶಾಲೆಯಲ್ಲೇ ಓದಿ ಈಗ ಬೆಂಗಳೂರಲ್ಲಿ ನೌಕರಿಯಲ್ಲಿರೋ ಒಬ್ಬರು ಜಾತ್ರೆಗೆ ಅಂತ ಊರಿಗೆ ಬಂದಿದ್ರು. ಶಾಲೆಗೂ ಬಂದು ನೋಡಿ, "ಮಕ್ಕಳಿಗೆ ಕಥೆ ಪುಸ್ತಕ ತಗೊಳ್ರಿ, ಬೇರೆ ಏನಕ್ಕೂ ಖರ್ಚು ಮಾಡಬ್ಯಾಡ್ರಿ" ಅಂತ ಹೇಳಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಗೆ 15,000 ರೂಪಾಯಿ ಹಾಕಿ ಹೋಗಿದ್ದಾರೆ.

ಲೈಬ್ರರಿ ಅಂತ ಇಲ್ಲದೇ ಇಲ್ಲ. ಹೆಡ್‌ಮಾಸ್ಟರ್ ಕೋಣೆಯಲ್ಲಿ ಎರಡು ಕಬ್ಬಿಣದ ಬೀರು ತುಂಬ ಪುಸ್ತಕ ಇದೆ. ಬೀಗ ತೆಗೆಸಿ ನೋಡಿದೆ. ವಿಮರ್ಶಾ ಲೇಖನಗಳು, ಯಾರದೋ ಪಿಎಚ್‌.ಡಿ. ಪ್ರಬಂಧ, ರೇಷ್ಮೆ ಸಾಕಾಣಿಕೆ ಕೈಪಿಡಿ, ಒಂದೇ ಕವನ ಸಂಕಲನದ ಆರು ಪ್ರತಿ. ನಮ್ಮ ಕಡೆ ರೇಷ್ಮೆ ಹುಳು ನೋಡಿದೋರೇ ಕಡಿಮೆ. ಮಕ್ಕಳ ಪುಸ್ತಕ ಅಂತ ಹೇಳಬಹುದಾದ್ದು ತಳದಲ್ಲಿ ಒಂದು ಹಿಡಿ ಇತ್ತು, ಅದನ್ನೂ ಗೆದ್ದಲು ಸ್ವಲ್ಪ ಓದಿ ಮುಗಿಸಿದೆ.

ಮಕ್ಕಳ ಬಗ್ಗೆ ಹೇಳ್ತೀನಿ, ಅದು ಗೊತ್ತಾಗದೆ ನೀವು ಪುಸ್ತಕ ಹೇಳೋದು ಕಷ್ಟ. ಅರ್ಧದಷ್ಟು ಮಕ್ಕಳ ಮನೆಮಾತು ತೆಲುಗು. ಕೆಲವರದ್ದು ಉರ್ದು. ತಾಂಡಾದಿಂದ ಬರೋರು ಲಂಬಾಣಿ. ಶಾಲೆಗೆ ಬಂದ ಮೇಲೆಯೇ ಅವರಿಗೆ ಕನ್ನಡ. ಒಂದರಿಂದ ಮೂರನೇ ಕ್ಲಾಸಿನ ನಲಿ-ಕಲಿಯ ಸಣ್ಣೋರು ಹೇಗೋ ಖುಷಿಯಾಗಿದ್ದಾರೆ. ತೊಂದರೆ ನಾಲ್ಕು, ಐದನೇ ಕ್ಲಾಸಿನದ್ದು. ಕಾಗುಣಿತ ಬರುತ್ತೆ, ಒತ್ತಕ್ಷರ ಬಂದ ಕೂಡಲೇ ನಿಂತುಬಿಡ್ತಾರೆ. ಹಾಗಂತ ಒಂದನೇ ಕ್ಲಾಸಿನ ಚಿತ್ರದ ಪುಸ್ತಕ ಕೊಟ್ಟರೆ "ಇದು ಸಣ್ಣೋರದು ಟೀಚರ್" ಅಂತ ತಿರುಗಿಸಿ ಇಡ್ತಾರೆ. ಮರ್ಯಾದೆ ಪ್ರಶ್ನೆ!

ಪೇಟೆಯ ಪುಸ್ತಕದಂಗಡಿಯವರು "ಸೆಟ್ ತಗೊಳ್ರಿ ಮೇಡಂ, ಡಿಸ್ಕೌಂಟ್ ಕೊಡ್ತೀವಿ, ಬಿಲ್ ಹೆಂಗ್ ಬೇಕೋ ಹಂಗ" ಅಂದ್ರು. ಸೆಟ್ ತುಂಬ ನೂರೊಂದು ನೀತಿ ಕಥೆ, ಸಾಮಾನ್ಯ ಜ್ಞಾನ, ಭಾಷಣ ಪ್ರಬಂಧಗಳೇ ಇದ್ದವು. ಬೇಡ ಅಂತ ಬಂದೆ. ದಯವಿಟ್ಟು ಪುಸ್ತಕದ ಹೆಸರು ಹೇಳಿ. ನೀವು ಮಕ್ಕಳ ಕೈಲಿ ಕೊಟ್ಟು ನೋಡಿರೋದು ಆದ್ರೆ ಇನ್ನೂ ಒಳ್ಳೇದು.

---

ಸೀಮೆಸುಣ್ಣ:

ಮೇಡಂ, ನಾನು ಹಾಸನದ ಕಡೆ ಹೆಡ್‌ಮಾಸ್ಟರ್ ಆಗಿ ರಿಟೈರ್ ಆದವನು. ಪಟ್ಟಿ ಕೊಡ್ತೀನಿ, ಅದಕ್ಕೆ ಮುಂಚೆ ದುಡ್ಡಿನ ಲೆಕ್ಕ. ಅರ್ಧಕ್ಕಿಂತ ಹೆಚ್ಚು ಹಣ ಆ ನಾಲ್ಕು, ಐದನೇ ಕ್ಲಾಸಿನವರ ಮೇಲೇ ಹಾಕಿ. ಏಳನೇ ಕ್ಲಾಸಿನ ಚುರುಕು ಹುಡುಗಿಗೆ ನೀವು ಏನು ಕೊಟ್ರೂ ಓದ್ತಾಳೆ, ಬೋಂಡಾ ಕಟ್ಟಿಕೊಂಡು ಬಂದ ಪೇಪರನ್ನೂ ಬಿಡೋಲ್ಲ. "ಸಣ್ಣೋರದು" ಅಂದನಲ್ಲ, ಅವನ ಮುಂದೆ ಪುಸ್ತಕ ಇನ್ನೊಂದೆರಡು ವರ್ಷ ತೆರೆಯದೇ ಹೋದ್ರೆ ಆಮೇಲೆ ಅವನು ತೆರೆಯೋದೇ ಇಲ್ಲ.

ಅವನಿಗೆ ಬೇಕಾಗಿರೋದು ಅಕ್ಷರ ಕಮ್ಮಿ ಇರೋ ಪುಸ್ತಕ. ಆದ್ರೆ ಅದರೊಳಗಿನ ಮನುಷ್ಯರು ದೊಡ್ಡವರಾಗಿರಬೇಕು, ತಮಾಷೆ ದೊಡ್ಡವರದ್ದಾಗಿರಬೇಕು. ಪ್ರಥಮ್ ಬುಕ್ಸ್‌ನವರ ಶೃಂಗೇರಿ ಶ್ರೀನಿವಾಸನ ಕಥೆಗಳಿವೆ, ರೋಹಿಣಿ ನಿಲೇಕಣಿ ಬರೆದದ್ದು. ಶ್ರೀನಿವಾಸ ಒಬ್ಬ ರೈತ, ತಲೆ ತುಂಬ ಉದ್ದ ಕೂದಲು. ವರ್ಷಕ್ಕೊಂದು ಸಲ ಕ್ಷೌರ. ಆ ದಿನ ಬಂದಾಗ ಯಾರನ್ನು ಕೇಳಿದ್ರೂ ಪುರಸೊತ್ತಿಲ್ಲ. ಒಬ್ಬರಾದ ಮೇಲೆ ಒಬ್ಬರನ್ನ ಕೇಳ್ತಾ ಹೋಗ್ತಾನೆ, ಅಷ್ಟೇ ಕಥೆ. ಇನ್ನೊಂದರಲ್ಲಿ ತೋಟದ ತುಂಬ ಬಾಳೆಹಣ್ಣು, ತಿನ್ನೋರೇ ಇಲ್ಲ.

ನಮ್ಮಲ್ಲಿ ಕುರಿ ಸಾಕೋ ಮನೆಯ ಹುಡುಗ ಒಬ್ಬನಿದ್ದ. ಐದನೇ ಕ್ಲಾಸು, ನನ್ನ ಭುಜದೆತ್ತರ. ಓದು ಅಂದ್ರೆ ನೀರು ಕುಡಿಯೋಕೆ ಹೋಗ್ತೀನಿ ಸಾ ಅಂತಿದ್ದ. ಅವನಿಗೆ ಈ ಕ್ಷೌರದ ಪುಸ್ತಕ ಕೊಟ್ಟು ನಾನು ಪಕ್ಕದಲ್ಲಿ ಹಾಜರಿ ಬರೀತಾ ಕೂತೆ, ಅವನ ಕಡೆ ನೋಡಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಶುರು ಮಾಡಿದ. "ಕ್ಷ"ದ ಹತ್ರ ಬೆರಳು ನಿಂತಿತು. ಚಿತ್ರ ನೋಡಿದ, ಕತ್ತರಿ ನೋಡಿದ, "ಕ್ಷೌರ" ಅಂದ. ಪುಟ ತಿರುವಿದ. ಮತ್ತೆ ಅದೇ ಮಾತು ಬಂತು, ಈ ಸಲ ಬೆರಳು ನಿಲ್ಲಲಿಲ್ಲ. ಆಮೇಲಿನ ಪುಟದಲ್ಲಿ ಬೆರಳೇ ಎತ್ತಿಬಿಟ್ಟ, ಯಾಕಂದ್ರೆ ಈಗ ಯಾರು ಏನಂತಾರೆ ಅನ್ನೋದು ಅವನಿಗೆ ಗೊತ್ತಿತ್ತು. ಒಬ್ಬನೇ ನಗ್ತಾ ಇದ್ದ. ಮಧ್ಯಾಹ್ನ ಬಿಸಿಯೂಟಕ್ಕೆ ಕೂತಾಗ ಪಕ್ಕದವನ ತಲೆಗೂದಲು ಹಿಡಿದು ಕಥೆ ಹೇಳ್ತಿದ್ದ.

ಹೀಗೆ ಮಾತು ಮರುಕಳಿಸೋ ಕಥೆಗಳು ಒತ್ತಕ್ಷರ ತಡವರಿಸೋ ಮಕ್ಕಳಿಗೆ ಔಷಧ. ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆಯೂ ಇದೇ ಜಾತಿ. ಪ್ರಥಮ್ ಪುಸ್ತಕಗಳ ಮೇಲೆ ಓದಿನ ಹಂತ 1ರಿಂದ 4 ಅಂತ ಹಾಕಿರ್ತಾರೆ. ನಿಮ್ಮ ನಾಲ್ಕು, ಐದಕ್ಕೆ ಎರಡನೇ ಹಂತದ್ದು ಹೆಚ್ಚು ತಗೊಳ್ಳಿ, ಮೂರನೇದು ಸ್ವಲ್ಪ. ಪುಸ್ತಕ ತೆಳು, ಬೆಲೆಯೂ ಕಮ್ಮಿ. ಚೆನ್ನಾಗಿರೋದನ್ನ ಒಂದೊಂದು ತರಬೇಡಿ, ಎರಡು ಮೂರು ಪ್ರತಿ ತನ್ನಿ. ಒಬ್ಬ ನಕ್ಕಿದ್ದನ್ನ ಪಕ್ಕದವನು ಅವತ್ತೇ ಓದಬೇಕು, ಮುಂದಿನ ವಾರ ಅಲ್ಲ. ಬೀರು ತುಂಬ ಬೇರೆ ಬೇರೆ ಹೆಸರು ಕಾಣಲಿ ಅನ್ನೋದು ಇನ್‌ಸ್ಪೆಕ್ಷನ್‌ಗೆ ಬಂದವರ ಆಸೆ, ಮಕ್ಕಳದ್ದಲ್ಲ.

ಇನ್ನು ಒಂದನೇದರಿಂದ ಮೂರನೇ ಕ್ಲಾಸಿಗೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯ ಚಿತ್ರದ ಪುಸ್ತಕಗಳು ಕನ್ನಡದಲ್ಲಿ ಬಂದಿವೆ, ನೋಡಿ. ಚೆನ್ನೈನ ತೂಲಿಕಾದವರು ಕನ್ನಡ ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರೋ ಪುಸ್ತಕ ಮಾಡ್ತಾರೆ. ಬೆಲೆ ತುಸು ಜಾಸ್ತಿ, ಚಿತ್ರ ಮಾತ್ರ ಬಹಳ ಚೆನ್ನ. ನಾಲ್ಕೈದು ಸಾಕು.

ಹಾಡಿನ ಪುಸ್ತಕ ಮರೀಬೇಡಿ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ದಿನಕರ ದೇಸಾಯಿ ಇವರ ಶಿಶುಗೀತೆಗಳು ಯಾವ ರೂಪದಲ್ಲಿ ಸಿಕ್ಕರೂ ತನ್ನಿ. ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿ ಚಿತ್ರ ಸಮೇತ ಸಿಕ್ಕರೆ ನಾಲ್ಕು ಪ್ರತಿ. ಮೊದಲು ಬಾಯಲ್ಲಿ ಹೇಳಿಸಿ, ಇಡೀ ಶಾಲೆ ಕಿರುಚಲಿ, ಆಮೇಲೆ ಪುಸ್ತಕ ಕೊಡಿ. ಬಾಯಲ್ಲಿ ಆಗಲೇ ಇರೋ ಮಾತನ್ನ ಕಾಗದದ ಮೇಲೆ ಹುಡುಕೋದು ಮಕ್ಕಳಿಗೆ ಆಟ. ಮನೆಮಾತು ಕನ್ನಡ ಅಲ್ಲದವರಿಗಂತೂ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಆರು, ಏಳಕ್ಕೆ ಹೆಸರು ಹೇಳ್ತೀನಿ, ಕಾರಣ ಚಿಕ್ಕದಾಗಿ. ತೇಜಸ್ವಿಯವರ ಪರಿಸರದ ಕತೆ. ಒಂದೊಂದು ಅಧ್ಯಾಯ ಬಿಡಿಬಿಡಿಯಾಗಿ ಓದಬಹುದು, ಕಿವಿ ಅನ್ನೋ ಹೆಸರಿನ ನಾಯಿ ಬಂದ ಕೂಡಲೇ ಹುಡುಗರು ಬೀಳ್ತಾರೆ. ತೊತ್ತೋ-ಚಾನ್, ನ್ಯಾಷನಲ್ ಬುಕ್ ಟ್ರಸ್ಟ್‌ನದ್ದು, ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಬಗ್ಗೆ ಬರೆದದ್ದು. ರೈಲು ಡಬ್ಬಿಯೊಳಗೆ ನಡೆಯೋ ಶಾಲೆ ಅಂದ್ರೆ ಯಾವ ಮಗು ಬಿಡುತ್ತೆ? ಇದನ್ನ ನೀವು ನಾಲ್ಕು ಜನ ಟೀಚರ್‌ಗಳೂ ಓದಿ. ಬೊಳುವಾರು ಮಹಮದ್ ಕುಂಞಿಯವರ ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಶುರು ಮಾಡಿದಾಗ ಕನ್ನಡಕ್ಕೆ ಮೊದಲು ಬಂದದ್ದು ಇದಕ್ಕೇ. ಈಚೆಗೆ ಅದೇ ಪುರಸ್ಕಾರ ಪಡೆದವು: ಬಸು ಬೇವಿನಗಿಡದ ಅವರ ಓಡಿ ಹೋದ ಹುಡುಗ (2021), ತಮ್ಮಣ್ಣ ಬೀಗಾರ ಅವರ ಬಾವಲಿ ಗುಹೆ (2022), ವಿಜಯಶ್ರೀ ಹಾಲಾಡಿ ಅವರ ಸೂರಕ್ಕಿ ಗೇಟ್ (2023), ಕೃಷ್ಣಮೂರ್ತಿ ಬಿಳಿಗೆರೆ ಅವರ ಛೂಮಂತ್ರಯ್ಯನ ಕಥೆಗಳು (2024). ಕನ್ನಡದಲ್ಲಿ ಮಕ್ಕಳಿಗೆ ಬರೆಯೋರೇ ಇಲ್ಲ ಅಂತ ಗೊಣಗೋರಿಗೆ ಈ ನಾಲ್ಕು ಹೆಸರು ಹೇಳಿ. ಒಂದೊಂದೇ ಪ್ರತಿ ಸಾಕು, ಓದೋ ಮಕ್ಕಳು ತಮ್ಮೊಳಗೇ ಸರದಿ ಮಾಡಿಕೊಳ್ತಾರೆ.

ಕೊನೆಗೆ ಅನುಪಮಾ ನಿರಂಜನ ಅವರ ದಿನಕ್ಕೊಂದು ಕಥೆ, 12 ಸಂಪುಟ. ವರ್ಷದ ದಿನಕ್ಕೊಂದರ ಹಾಗೆ ಕಥೆ. ವೃತ್ತಿಯಲ್ಲಿ ಡಾಕ್ಟರು, ಅಷ್ಟು ಕಥೆ ಯಾವಾಗ ಬರೆದರೋ ಅಂತ ನನಗೆ ಇವತ್ತಿಗೂ ಆಶ್ಚರ್ಯ. ಇದು ಮಕ್ಕಳ ಕೈಗಿಂತ ನಿಮ್ಮ ಮೇಜಿಗೆ, ಊಟ ಆದ ಮೇಲೆ ದಿನಾ ಒಂದು ಓದಿ ಹೇಳೋಕೆ. ಮಕ್ಕಳು ಎಣಿಸಿ ಎಣಿಸಿ ತಮ್ಮ ಹುಟ್ಟಿದ ದಿನದ ಕಥೆ ಹುಡುಕ್ತವೆ. ನಮ್ಮ ದಾಖಲಾತಿ ಪುಸ್ತಕದ ಪ್ರಕಾರ ಅರ್ಧ ಶಾಲೆ ಹುಟ್ಟಿದ್ದು ಜೂನ್ 1ಕ್ಕೆ, ಆ ಕಥೆಯ ಹಾಳೆ ಎಲ್ಲಕ್ಕಿಂತ ಮೊದಲು ಕಿತ್ತು ಬಂತು.

ಅಂಗಡಿಗೆ ಹೋದಾಗ ಇನ್ನೊಂದು ನೋಡಿ. ಪುಸ್ತಕದ ಮಧ್ಯದ ಪುಟ ತೆರೆದು ಒತ್ತಕ್ಷರ ನೋಡಿ. ಎಷ್ಟೋ ಅಗ್ಗದ ಪುಸ್ತಕಗಳಲ್ಲಿ ಸಾಲು ಸಾಲಿನ ನಡುವೆ ಜಾಗವೇ ಬಿಟ್ಟಿರಲ್ಲ, ಮೇಲಿನ ಸಾಲಿನ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂತಿರುತ್ತೆ. ದೊಡ್ಡವರ ಕಣ್ಣಿಗೆ ತಿಳಿಯಲ್ಲ, ಮಗು ಅಲ್ಲೇ ಎಡವೋದು. ಅರ್ಕಾವತ್ತು ಇನ್ನೊಂದು ಕಾಟ. "ಸೂರ್ಯ" ಅನ್ನೋದನ್ನ ಕಣ್ಣಿಗೆ ಕಂಡ ಕ್ರಮದಲ್ಲೇ "ಸೂಯರ" ಅಂತ ಓದೋ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ, ಅವರು ಓದಿದ್ದರಲ್ಲಿ ತಪ್ಪೇನಿಲ್ಲ, ನಾವು ಬರೆಯೋದೇ ಹಾಗೆ. ಅದಕ್ಕೆ ಅಕ್ಷರ ದಪ್ಪ ಇರಲಿ, ಒಂದು ಪದ ಸಾಲಿನ ಕೊನೆಯಲ್ಲಿ ತುಂಡಾಗಿ ಮುಂದಿನ ಸಾಲಿಗೆ ಹೋಗಿರಬಾರದು. ಆಮೇಲೆ ಅದೇ ಪುಟವನ್ನ ಅಂಗಡಿಯಲ್ಲೇ ಗಟ್ಟಿಯಾಗಿ ಓದಿ. ಅನುವಾದ ಕೆಟ್ಟದಾಗಿದ್ರೆ ಎರಡನೇ ವಾಕ್ಯಕ್ಕೇ ನಿಮ್ಮ ನಾಲಿಗೆ ಹೇಳುತ್ತೆ. ಅಂಗಡಿಯವನು ನೋಡಿದ್ರೆ ನೋಡಲಿ.

---

ಹುಬ್ಬಳ್ಳಿಯಾಂವ:

ಮೇಡಂ, ಮ್ಯಾಲಿನ ಸರ್ ಚೊಲೊ ಬರದಾರ. ಆದ್ರ ಒಂದ ಮಾತು. ನೀತಿ ಕಥಿ ಬ್ಯಾಡ ಅಂತ ಅಂಗಡಿಯಿಂದ ಎದ್ದು ಬಂದೆ ಅಂತೀರಲ್ರಿ, ಅದು ನನಗ ಸರಿ ಅನಿಸಲಿಲ್ಲ. ನಾವು ಸಣ್ಣವರಿದ್ದಾಗ ಪಂಚತಂತ್ರ ಓದೇ ದೊಡ್ಡವರಾದ್ವಿ. ನಮ್ಮ ದುರ್ಗಸಿಂಹ 11ನೇ ಶತಮಾನದಾಗ ಅದನ್ನ ಕನ್ನಡಕ್ಕ ತಂದಾನ. ಈಗಿನ ಹುಡುಗ್ರಿಗೆ ಮೊಬೈಲ್ ಬಿಟ್ರ ಏನೂ ಬ್ಯಾಡ, ಒಂದಿಷ್ಟು ಸಂಸ್ಕಾರ ಪುಸ್ತಕದಿಂದರ ಬರಲಿ.

ಇನ್ನೊಂದು, ರಾಷ್ಟ್ರೋತ್ಥಾನದವರ ಭಾರತ-ಭಾರತಿ ಮಾಲಿ ತಗೋರಿ. ಎಲ್.ಎಸ್. ಶೇಷಗಿರಿರಾಯರು ಪ್ರಧಾನ ಸಂಪಾದಕರಾಗಿ ಮಾಡಿದ್ದು, 510 ಪುಟ್ಟ ಪುಸ್ತಕ ಅದಾವ. ಒಬ್ಬೊಬ್ಬ ಮಹನೀಯರದು ಒಂದೊಂದು. ಕಿತ್ತೂರ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ವಿಶ್ವೇಶ್ವರಯ್ಯ ಎಲ್ಲಾ ಸಿಗತಾವ. ಕಿಸೆದಾಗ ಹಿಡಸ್ತಾವ. ನಾನು ಹುಡುಗನಿದ್ದಾಗ ಬಸ್‌ಸ್ಟ್ಯಾಂಡಿನಾಗ ಕೂತು ಒಂದು ಬಸ್ ಬರೋದ್ರೊಳಗ ಒಂದು ಪುಸ್ತಕ ಮುಗಸ್ತಿದ್ದೆ. ನಮ್ಮ ಬಸ್ಸಿನ ಟೈಮ್ ನಿಮಗ ಗೊತ್ತಲ್ರಿ, ಒಮ್ಮೊಮ್ಮೆ ಎರಡು ಮುಗೀತಿದ್ವು.

---

ಗಡಿನಾಡ ಟೀಚರ್:

ಸೀಮೆಸುಣ್ಣ ಸರ್, ತುಂಬಾ ಧನ್ಯವಾದ. "ಸೂಯರ" ಓದಿ ಜೋರಾಗಿ ನಕ್ಕುಬಿಟ್ಟೆ, ಇವತ್ತು ಬೆಳಿಗ್ಗೆಯಷ್ಟೇ "ಧಮರ್ಸ್ಥಳ" ಕೇಳಿ ಬಂದಿದ್ದೆ.

ಹುಬ್ಬಳ್ಳಿ ಅಣ್ಣಾವ್ರಿಗೆ: ನೀತಿ ಬೇಡ ಅಂತ ಅಲ್ಲ ಅಣ್ಣಾವ್ರೇ. ಅಂಗಡಿಯಲ್ಲಿ ತೋರಿಸಿದ ಪುಸ್ತಕದಲ್ಲಿ ಕಥೆ ಅರ್ಧ ಪುಟ, ಕೆಳಗೆ ಡಬ್ಬಿ ಕಟ್ಟಿ "ನೀತಿ" ಅಂತ ಎರಡು ಸಾಲು. ಮಕ್ಕಳು ಕಥೆ ಬಿಟ್ಟು ಆ ಡಬ್ಬಿಯನ್ನೇ ಉರು ಹೊಡೀತಾರೆ, ಪರೀಕ್ಷೆಗೆ ಬರುತ್ತೆ ಅಂತ. ಅದು ಬೇಡ ಅನ್ನಿಸ್ತು. ಭಾರತ-ಭಾರತಿ ಪೂರ್ತಿ ಸೆಟ್ ತಂದ್ರೆ ನನ್ನ ದುಡ್ಡೆಲ್ಲ ಅದಕ್ಕೇ ಹೋಗುತ್ತಲ್ಲ?

---

ಸೀಮೆಸುಣ್ಣ:

ಸೆಟ್ ಬೇಡ ಮೇಡಂ. ಭಾರತ-ಭಾರತಿಯಲ್ಲಿ ಒಂದಿಪ್ಪತ್ತು ಆರಿಸಿ. ಆರು, ಏಳರ ಮಕ್ಕಳಿಗೆ ಆಗಸ್ಟ್ 15ಕ್ಕೆ, ಅಕ್ಟೋಬರ್ 2ಕ್ಕೆ ಭಾಷಣಕ್ಕೆ ಬೇಕಾಗುತ್ತೆ, ಕಥೆಯ ಹಾಗೆ ಓದಿಸಿಕೊಂಡೂ ಹೋಗುತ್ತೆ. ನಿಮ್ಮ ಸೀಮೆಯ ಹೆಸರುಗಳಿದ್ರೆ ಮೊದಲು ಅವು. ಪುರಂದರದಾಸರು, ವಿಜಯದಾಸರು ಓಡಾಡಿದ ನೆಲ ನಿಮ್ಮದು.

ಹುಬ್ಬಳ್ಳಿಯವರೇ, ಪಂಚತಂತ್ರ ನನಗೂ ಪ್ರಾಣ. ಆದ್ರೆ ಅದನ್ನ ಸರಿಯಾಗಿ ಓದಿದವರಿಗೆ ಗೊತ್ತು, ಅಲ್ಲಿ ಒಳ್ಳೆಯವನೇ ಗೆಲ್ತಾನೆ ಅಂತೇನಿಲ್ಲ. ಎತ್ತನ್ನೂ ಸಿಂಹವನ್ನೂ ಜಗಳಕ್ಕೆ ಹಚ್ಚಿದ ನರಿ ಕೊನೆಗೂ ಸಿಂಹದ ಪಕ್ಕದಲ್ಲೇ ಇರುತ್ತೆ. ಇದರ ಕೆಳಗೆ ಒಂದು ಸಾಲಿನ ನೀತಿ ಬರೆದವನು ಕಥೆ ಓದಿಲ್ಲ ಅಂತಲೇ ಲೆಕ್ಕ. ಬೀರುವಿನಲ್ಲಿ ಅಂಥ ಪುಸ್ತಕ ಆಗಲೇ ಇದ್ರೆ ಬಿಸಾಕಬೇಡಿ. ನಾನು ಆ ಡಬ್ಬಿಯ ಮೇಲೆ ಬಿಳಿ ಕಾಗದದ ಚೀಟಿ ಅಂಟಿಸಿ, ನೀತಿ ಏನು ಅಂತ ಮಕ್ಕಳನ್ನೇ ಕೇಳ್ತಿದ್ದೆ. ಮೊಸಳೆ ಮತ್ತು ಕೋತಿಯ ಕಥೆಗೆ ಒಬ್ಬಳು ಬರೆದಿದ್ದಳು: "ನೇರಳೆ ಹಣ್ಣನ್ನು ಹೆಂಡತಿಗೆ ಕೊಡಬಾರದು." ಪುಸ್ತಕದವರ ನೀತಿಗಿಂತ ಇದು ಕಥೆಗೆ ಹತ್ತಿರ.

ಒಂದು ಬಿಟ್ಟಿದ್ದೆ. ನಾಟಕದ ಪುಸ್ತಕ. ವೈದೇಹಿಯವರ ನಾಯಿಮರಿ ನಾಟಕ, ಎಚ್.ಎಸ್. ವೆಂಕಟೇಶಮೂರ್ತಿಯವರ ಅಳಿಲು ರಾಮಾಯಣ. ಕಥೆ ಪುಸ್ತಕವನ್ನ ಒಬ್ಬನೇ ಇಡೀ ಪುಟ ಓದಬೇಕು, ನಾಟಕದಲ್ಲಿ ತಡವರಿಸೋ ಮಗುವಿಗೂ ಅವನದೇ ಎರಡು ಸಾಲು ಇರುತ್ತೆ. ಆ ಎರಡು ಸಾಲನ್ನ ಅವನು ಹತ್ತು ಸಲ ಓದ್ತಾನೆ, ಬೇಸರ ಇಲ್ಲದೆ. ಆಟ ಆಡಿಸಲೇಬೇಕು ಅಂತಿಲ್ಲ, ಸುತ್ತ ಕೂರಿಸಿ ಪಾತ್ರ ಹಂಚಿ ಓದಿಸಿದ್ರೂ ಆಯ್ತು. ಶಾಲಾ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿ ಹೊತ್ತಿಗೆ ಅದೇ ಉಪಯೋಗಕ್ಕೂ ಬರುತ್ತೆ.

---

ಪಂಚಾಯ್ತಿ ಲೈಬ್ರರಿ:

ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿ ಅರಿವು ಕೇಂದ್ರದ ಗ್ರಂಥಪಾಲಕಿ. ಎರಡು ವಿಷಯ ಹೇಳ್ಬೇಕು ಅನ್ನಿಸ್ತು.

ಮೊದಲನೇದು, ದುಡ್ಡಿಲ್ಲದೆ ಸಿಗೋದನ್ನ ದುಡ್ಡು ಕೊಟ್ಟು ತಗೋಬೇಡಿ. ಪ್ರಥಮ್ ಬುಕ್ಸ್‌ನವರೇ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆ. ಅದರಲ್ಲಿರೋ ಕಥೆಗಳು ಮುಕ್ತ ಪರವಾನಗಿಯವು. ಪಿಡಿಎಫ್ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು, ಯಾರನ್ನೂ ಕೇಳಬೇಕಾಗಿಲ್ಲ, ಬರೆದವರ, ಚಿತ್ರ ಬಿಡಿಸಿದವರ ಹೆಸರು ಇರೋ ಪುಟ ಮಾತ್ರ ತೆಗೀಬೇಡಿ. ನಿಮಗೆ ಇದರಲ್ಲಿ ಇನ್ನೊಂದು ಲಾಭ ಇದೆ ಮೇಡಂ. ಎಷ್ಟೋ ಕಥೆ ಅದೇ ಚಿತ್ರದ ಜೊತೆ ಕನ್ನಡದಲ್ಲೂ ತೆಲುಗಲ್ಲೂ ಇದೆ, ಕೆಲವು ಉರ್ದುವಿನಲ್ಲೂ. ಎರಡೂ ಪ್ರಿಂಟ್ ಹಾಕಿಸಿ ಪಕ್ಕಪಕ್ಕ ಇಡಿ. ನಿಮ್ಮ ಮಕ್ಕಳಿಗೆ ತೆಲುಗು ಅಕ್ಷರ ಬರದೇ ಇರಬಹುದು, ಆದ್ರೆ ಮನೆಯಲ್ಲಿ ಅಕ್ಕನೋ ಅಪ್ಪನೋ ಓದಿ ಹೇಳಿದ್ರೆ ಮಾರನೇ ದಿನ ಕನ್ನಡದ್ದನ್ನ ಅರ್ಥ ಗೊತ್ತಿದ್ದೇ ಓದ್ತಾರೆ. ನಮ್ಮ ಕಡೆ ಪಾವಗಡ, ಮಧುಗಿರಿ ಸುತ್ತಲೂ ತೆಲುಗು ಮನೆಗಳೇ ಜಾಸ್ತಿ, ನಾನು ಹೀಗೇ ಮಾಡೋದು. ತೆಲುಗು ಲಿಪಿ ಕನ್ನಡಕ್ಕೆ ಎಷ್ಟು ಹತ್ತಿರ ಅಂತ ಮಕ್ಕಳು ತಾವೇ ಕಂಡುಹಿಡಿದು, "ಮೇಡಂ, ತಲೆಕಟ್ಟಿಗೆ ಇವರು ಸರಿ ಗೀಟು ಹಾಕಿದ್ದಾರೆ" ಅಂತ ಬಂದು ಹೇಳ್ತಾರೆ.

ಕಲರ್ ಪ್ರಿಂಟ್ ದುಬಾರಿ. ಹೊದಿಕೆ ಮಾತ್ರ ಕಲರ್, ಒಳಗಿನದ್ದು ಕಪ್ಪು ಬಿಳುಪು ಮಾಡಿಸಿ. ಚಿತ್ರಕ್ಕೆ ಬಣ್ಣ ತುಂಬೋಕೆ ಮಕ್ಕಳಿಗೇ ಬಿಡಿ, ಬಣ್ಣ ತುಂಬಿದ ಪುಸ್ತಕವನ್ನ ಯಾರೂ ಹರಿಯಲ್ಲ.

ಎರಡನೇದು, ಬೀರು. ಬೀರುವಿನಲ್ಲಿ ಪುಸ್ತಕದ ಬೆನ್ನು ಕಾಣುತ್ತೆ, ಮುಖ ಕಾಣಲ್ಲ. ತೆಳು ಪುಸ್ತಕಕ್ಕೆ ಬೆನ್ನೂ ಇರಲ್ಲ. ಕ್ಲಾಸಿನಲ್ಲಿ ಕಿಟಕಿಯಿಂದ ಕಿಟಕಿಗೆ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಗಿಸೋ ಕ್ಲಿಪ್ಪಿನಿಂದ ಪುಸ್ತಕ ತೂಗುಹಾಕಿ. ಒಂದನೇ ಕ್ಲಾಸಿನ ಮಗುವಿನ ಕೈಗೆ ಎಟುಕೋ ಎತ್ತರದಲ್ಲಿ. ವಾರಕ್ಕೊಮ್ಮೆ ಹಗ್ಗದ ಮೇಲಿರೋದನ್ನ ಬದಲಾಯಿಸಿ. ನಿಮ್ಮ ಮಕ್ಕಳನ್ನ ಊರ ಪಂಚಾಯ್ತಿ ಅರಿವು ಕೇಂದ್ರಕ್ಕೂ ಸದಸ್ಯರನ್ನಾಗಿ ಮಾಡಿಸಿ. 6ರಿಂದ 18 ವರ್ಷದವರಿಗೆ ಉಚಿತ, "ಓದುವ ಬೆಳಕು" ಅಂತ ಕಾರ್ಯಕ್ರಮವೇ ಇದೆ. ಶಾಲೆಗೆ ರಜೆ ಬಿಟ್ಟಾಗ ನಿಮ್ಮ ಬೀರುವಿಗೆ ಬೀಗ, ನಮ್ಮದು ತೆರೆದಿರುತ್ತೆ.

---

ಎರಡು ಮಕ್ಕಳ ಅಮ್ಮ:

ನನ್ನ ಮಕ್ಕಳು ಮೈಸೂರಿನಲ್ಲಿ ಇಂಗ್ಲಿಷ್ ಮೀಡಿಯಂ, ನಿಮ್ಮ ಸಮಸ್ಯೆಗೆ ಪೂರ್ತಿ ಉಲ್ಟಾ ಅನ್ನಿಸಬಹುದು, ಆದ್ರೆ ಒತ್ತಕ್ಷರದ ಕಥೆ ನಮ್ಮನೇಲೂ ಅದೇ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲವಿಜ್ಞಾನ ಮಾಸಪತ್ರಿಕೆಗೆ ಚಂದಾ ಕಟ್ಟಿ ಅಂತ ಹೇಳೋಕೆ ಬಂದೆ. ಕಥೆ ಅಂದ್ರೆ ಮುಖ ತಿರುಗಿಸೋ ಮಕ್ಕಳಿರ್ತಾರೆ, ನನ್ನ ಎರಡನೇಯವನು ಆ ಪೈಕಿ. ಹಾವಿಗೆ ಕಿವಿ ಇದೆಯಾ ಅಂತ ಬರೆದಿದ್ರೆ ಮಾತ್ರ ಓದ್ತಾನೆ. ಪೋಸ್ಟ್‌ಮನ್ ತಂದುಕೊಟ್ಟಿದ್ದು ಅಂತ ಅದಕ್ಕೆ ಬೇರೆ ಗೌರವ.

---

ಗಡಿನಾಡ ಟೀಚರ್:

ಎಲ್ಲರದ್ದೂ ಓದಿ ಲೆಕ್ಕ ಹಾಕಿದೆ. 15,000ದಲ್ಲಿ 8,000 ಪ್ರಥಮ್ ಪುಸ್ತಕಗಳಿಗೆ, ಎರಡನೇ ಹಂತದ್ದೇ ಜಾಸ್ತಿ, ಶ್ರೀನಿವಾಸನದ್ದು ಮೂರು ಮೂರು ಪ್ರತಿ. 2,000 ಹಾಡು, ನಾಟಕ ಮತ್ತು ಚಿತ್ರದ ಪುಸ್ತಕ. 3,500 ಆರು, ಏಳಕ್ಕೆ, ಭಾರತ-ಭಾರತಿ ಇಪ್ಪತ್ತು ಸೇರಿ. ಮಿಕ್ಕ 1,500 ತೆಲುಗು-ಕನ್ನಡ ಪ್ರಿಂಟಿಗೆ, ಬಾಲವಿಜ್ಞಾನ ಚಂದಾಗೆ, ಹಗ್ಗ ಕ್ಲಿಪ್ಪಿಗೆ. ದಿನಕ್ಕೊಂದು ಕಥೆ ಇದರಲ್ಲಿ ಹಿಡಿಸ್ತಿಲ್ಲ. ನಾವು ನಾಲ್ಕು ಜನ ಟೀಚರ್‌ಗಳು ಕೈಯಿಂದ ಹಾಕಿ ತರೋಣ ಅಂತ ಮಾತಾಡಿಕೊಂಡಿದ್ದೀವಿ.

ಒಂದೇ ತೊಡಕು. ಹಗ್ಗದ ಮೇಲೆ ತೂಗುಹಾಕ್ತೀನಿ ಅಂದಾಗ ನಮ್ಮ ಹೆಡ್‌ಮಾಸ್ಟರ್ ಒಪ್ತಿಲ್ಲ. "ಹರಿದು ಹೋದ್ರೆ, ಕಳೆದು ಹೋದ್ರೆ ದಾಸ್ತಾನು ವಹಿಗೆ ಯಾರಮ್ಮ ಉತ್ತರ ಕೊಡೋರು? ನಾನು ಮುಂದಿನ ವರ್ಷ ಚಾರ್ಜ್ ಕೊಟ್ಟು ಹೋಗೋನು" ಅಂತಾರೆ. ಒಳ್ಳೆ ಮನುಷ್ಯರೇ, ಭಯ ಅಷ್ಟೆ. ಸರ್, ನೀವು ಆ ಕುರ್ಚಿಯಲ್ಲಿ ಕೂತಿದ್ದವರು, ಏನು ಮಾಡ್ತಿದ್ರಿ?

---

ಸೀಮೆಸುಣ್ಣ:

ಅವರ ಭಯ ನಿಜವಾದ ಭಯ ಮೇಡಂ, ನಗಬೇಡಿ. ಚಾರ್ಜ್ ಕೊಡುವಾಗ ಒಂದು ಪುಸ್ತಕ ಕಮ್ಮಿ ಬಂದ್ರೂ ಹೊಸದಾಗಿ ಬಂದವರು ಮುಖ ನೋಡೋ ರೀತಿ ನನಗೆ ಗೊತ್ತು. ಅದಕ್ಕೆ ನಾನು ಹೀಗೆ ಮಾಡ್ತಿದ್ದೆ. ಪುಸ್ತಕ ಬಂದ ದಿನವೇ ಎಲ್ಲವನ್ನೂ ದಾಸ್ತಾನು ವಹಿಗೆ ಏರಿಸಿ, ನಂಬರ್ ಹಾಕಿ, ಸೀಲ್ ಹೊಡೀರಿ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ, "ಮಕ್ಕಳ ಬಳಕೆಯಿಂದ ಸವೆದ, ಹರಿದ ಪುಸ್ತಕಗಳನ್ನು ವರ್ಷದ ಕೊನೆಯಲ್ಲಿ ಸಭೆಯ ಮುಂದೆ ತೋರಿಸಿ ವಹಿಯಿಂದ ಕಡಿಮೆ ಮಾಡುವುದು" ಅಂತ ಒಂದು ವಿಷಯ ಮಂಡಿಸಿ, ನಡಾವಳಿಯಲ್ಲಿ ಬರೆಸಿ, ಅಧ್ಯಕ್ಷರ ಸಹಿ ಹಾಕಿಸಿ. ದುಡ್ಡು ಕೊಟ್ಟವರಿಂದಲೂ ಎರಡು ಸಾಲು ತರಿಸಿ, ಪುಸ್ತಕ ಮಕ್ಕಳ ಕೈಯಲ್ಲಿರಲಿ ಅಂತಲೇ ಕೊಟ್ಟಿದ್ದೇನೆ ಅಂತ. ಆ ಕಾಗದ ವಹಿಯ ಮೊದಲ ಪುಟಕ್ಕೆ ಅಂಟಿಸಿ. ಹೆಡ್‌ಮಾಸ್ಟರಿಗೆ ಅರ್ಧ ಧೈರ್ಯ ಬರುತ್ತೆ.

ಉಳಿದರ್ಧಕ್ಕೆ, ವಿತರಣಾ ವಹಿಯನ್ನ ಆರನೇ ಕ್ಲಾಸಿನ ಇಬ್ಬರಿಗೆ ವಹಿಸಿ. ಬೀರುವಿನ ಬೀಗದ ಕೈ ಸಮೇತ. ಬೈಂಡಿಂಗ್ ಬಿಟ್ಟದ್ದನ್ನ ಶನಿವಾರ ಮಕ್ಕಳೇ ದಪ್ಪ ಸೂಜಿ ದಾರದಲ್ಲಿ ಹೊಲೀಲಿ. ಆಮೇಲೆ ನೀವು ಹೇಳೋದೇ ಬೇಡ, ನೀವು ಒಂದು ಪುಸ್ತಕ ಮನೆಗೆ ತಗೊಂಡು ಹೋಗೋಕೆ ಹೊರಟ್ರೂ "ಮೇಡಂ, ಸೈನ್ ಹಾಕಿ" ಅಂತ ಬಾಗಿಲಲ್ಲಿ ಅಡ್ಡ ನಿಲ್ತಾರೆ.

---

ಹುಬ್ಬಳ್ಳಿಯಾಂವ:

ಮೇಡಂ, ಭಾರತ-ಭಾರತಿ ಇಪ್ಪತ್ತಕ್ಕ ನಿಮ್ಮ ದುಡ್ಡು ಹಾಕಬ್ಯಾಡ್ರಿ. ಯಾವ್ಯಾವ ಹೆಸರು ಬೇಕು ಇಲ್ಲೇ ಬರೀರಿ, ನಾನು ಪಾರ್ಸಲ್ ಮಾಡಸ್ತೀನಿ. ಆ ದುಡ್ಡಿನಾಗ ಕ್ಷೌರದ ಪುಸ್ತಕ ಇನ್ನೊಂದೆರಡು ತಗೋರಿ. ಮತ್ತ ಆ ನೇರಳೆ ಹಣ್ಣಿನ ಹುಡುಗಿ ಈಗ ಏನ್ ಮಾಡಾಕತ್ತಾಳ್ರಿ ಸರ್?

---

ಸೀಮೆಸುಣ್ಣ:

ಮದುವೆ ಆಗಿದೆ. ಗಂಡನ ಮನೆಯಲ್ಲಿ ನೇರಳೆ ಮರ ಇದೆಯೋ ಇಲ್ಲವೋ ಕೇಳಿಲ್ಲ.